ಅಜ್ಜಿ ಓದಿದ ಬಾಣ

ಮಕ್ಕಳಿಗೆ ಬಾಣದ ಗುರುತು ಬರೆಯಲು ಕಲಿಸುವುದೇನು ಮಹಾ ಎನ್ನುವವರು ಒಂದು ಶನಿವಾರ ನಮ್ಮ ಕಾರ್ ಶೆಡ್ಡಿಗೆ ಬಂದು ಕೂರಬೇಕು. ಕಾರು ಮಾರಿದ ಮೇಲೆ ಆ ಜಾಗದಲ್ಲಿ ಚಾಪೆ ಹಾಸಿ, ವಾರದ ಕೊನೆಗೆ ನಾನು ಡ್ರಾಯಿಂಗ್ ಕ್ಲಾಸ್ ನಡೆಸುತ್ತೇನೆ. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು ನಾನು. ಮನೆ ನಾಗರಬಾವಿಯಲ್ಲಿ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂತರೆ ಯಜಮಾನರ ಜೊತೆ ಜಗಳವಾಡುವುದೊಂದೇ ಕೆಲಸವಾಗುತ್ತದೆಂದು ಇದನ್ನು ಶುರುಮಾಡಿದೆ. ಈಗ ಎರಡೂ ನಡೆಯುತ್ತಿವೆ.

ಬಾಣವೆಂದರೆ ಒಂದು ಗೆರೆ, ತುದಿಯಲ್ಲಿ ಎರಡು ಪುಟ್ಟ ಗೆರೆ. ಅಷ್ಟೇ. ಆದರೆ ಒಬ್ಬ ಹುಡುಗ ಮೊದಲು ಮೂತಿ ಬರೆದುಬಿಟ್ಟು, ಆಮೇಲೆ ಗೆರೆಯನ್ನು ಎಲ್ಲಿಗೆ ಸೇರಿಸುವುದೆಂದು ತಲೆ ಕೆರೆದುಕೊಳ್ಳುತ್ತಾನೆ. ಇನ್ನೊಬ್ಬಳದು ಛತ್ರಿಯಾಗುತ್ತದೆ. ಮತ್ತೊಬ್ಬ ಎರಡೂ ತುದಿಗೆ ಮೂತಿ ಹಾಕಿ, ಯಾಕೋ ಎಂದು ಕೇಳಿದರೆ, "ಹೋಗಿ ಬರೋಕೆ ಮಿಸ್" ಎನ್ನುತ್ತಾನೆ. ಅವನಿಗೆ ಬೈಯಲೂ ಆಗುವುದಿಲ್ಲ, ಶಹಭಾಸ್ ಎನ್ನಲೂ ಆಗುವುದಿಲ್ಲ.

ನಾನು ಹೇಳಿಕೊಡುವುದು ಹೀಗೆ. "ಪೆನ್ಸಿಲ್ ನಡ್ಕೊಂಡು ಹೋಗ್ತಾ ಇದೆ. ಹೋಯ್ತು, ಹೋಯ್ತು, ನಿಂತ್ಕೊಂಡ್ತು. ನಿಂತ ಜಾಗದಿಂದ ಎರಡು ಪುಟ್ಟ ಗೆರೆ ಹಿಂದಕ್ಕೆ ಎಳೀರಿ." ಆಗ ಒಂದಲ್ಲ ಒಂದು ಮಗು ಕೇಳಿಯೇ ಕೇಳುತ್ತದೆ: "ಮುಂದಕ್ಕೆ ಹೋಗು ಅನ್ನೋಕೆ ಗೆರೆ ಯಾಕೆ ಮಿಸ್ ಹಿಂದಕ್ಕೆ?" "ಬಾಣ ಅಂದ್ರೆ ಹಾಗೇ ಕಣೋ. ಸುಮ್ನೆ ಎಳಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ತಾಯಂದಿರಿಗೆ ಇದು ಹಿಡಿಸುವುದಿಲ್ಲ. ಪಕ್ಕದ ರಸ್ತೆಯ ಕ್ಲಾಸಿನಲ್ಲಿ ಆಗಲೇ ಸೀನರಿ ಶುರುವಾಗಿದೆ, ನೀವು ಇನ್ನೂ ಬಾಣ ಬರೆಸುತ್ತಿದ್ದೀರಲ್ಲ ಎಂದು ಮುಖ ಸಿಂಡರಿಸುತ್ತಾರೆ. ಸೀನರಿ ಎಂದರೆ ಗೊತ್ತಲ್ಲ, ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ತೆಂಗಿನ ಮರ. ನಾಗರಬಾವಿಯಲ್ಲಿ ಹುಟ್ಟಿದ ಮಗು ಇದನ್ನು ಎಲ್ಲಿ ನೋಡಿತೋ ದೇವರೇ ಬಲ್ಲ. ಬಾಣ ಹಾಗಲ್ಲ. ಅದು ಇನ್ನೊಬ್ಬರಿಗೆ ಏನನ್ನೋ ಹೇಳುವ ಚಿತ್ರ. ಓದು ಬರಹ ಬಾರದವರಿಗೂ ಬಾಣ ಕಂಡರೆ ಎತ್ತ ಹೋಗಬೇಕೆಂದು ತಿಳಿಯುತ್ತದೆ ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಆ ಜಂಬ ಇಳಿದದ್ದು ಹೋದ ಬೇಸಿಗೆಯಲ್ಲಿ.

ಆ ಬೇಸಿಗೆಯಲ್ಲಿ ಕ್ಲಾಸಿಗೆ ಒಬ್ಬ ಹೊಸ ಹುಡುಗಿ ಬಂದಳು. ಮೂರನೇ ಕ್ಲಾಸು ಮುಗಿಸಿದ್ದಳು. ಮನೆಯವರು ಕೊಪ್ಪಳದ ಕಡೆಯವರು. ಅಪ್ಪ ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿ ಓಡಿಸುತ್ತಿದ್ದ. ಅಮ್ಮನಿಗೆ ಕೆಂಗೇರಿ ಕಡೆಯ ಗಾರ್ಮೆಂಟ್ಸಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಮಲ್ಲತ್ತಹಳ್ಳಿಯಲ್ಲಿ ಒಂದು ಕಟ್ಟಡದ ಎರಡನೇ ಮಹಡಿಯ ಒಂಟಿ ರೂಮಿನಲ್ಲಿ ಅವರ ವಾಸ. ಹುಡುಗಿಯ ಗೆರೆ ಚೆನ್ನಾಗಿತ್ತು. ಎಲ್ಲಿ ಶುರುಮಾಡಿದಳೋ ಅಲ್ಲಿಂದ ಕೈ ಎತ್ತದೆ, ನಡುಗಿಸದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿಗೆ ಒಯ್ದು ನಿಲ್ಲಿಸುತ್ತಿದ್ದಳು. ಅಂಥ ಕೈ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ನನಗೆ ಅವಳ ಮೇಲೆ ಮೊದಲ ದಿನವೇ ಪ್ರೀತಿ ಹುಟ್ಟಿತು. ಆದರೆ ಅದನ್ನು ತೋರಿಸಿಕೊಳ್ಳುವುದು ನನ್ನ ಜಾಯಮಾನವಲ್ಲ. "ಪರವಾಗಿಲ್ಲ" ಎಂದು ಮುಂದಿನ ಮಗುವಿನ ಹತ್ತಿರ ಹೋದೆ.

ಒಂದು ದಿನ ಎಲ್ಲರೂ ಹೋದ ಮೇಲೂ ಅವಳು ಚಾಪೆಯ ಮೇಲೇ ಕೂತಿದ್ದಳು. ಏನೆಂದು ಕೇಳಿದೆ. "ಮಿಸ್, ರೋಡಿನ ಮ್ಯಾಲೆ ಬಾಣ ಬರದ್ರ ಯಾರರ ಬೈತಾರೇನ್ರಿ?" ಎಂದಳು. ಯಾಕೆ ಎಂದಾಗ ವಿಷಯ ಹೊರಗೆ ಬಂತು.

ಅಮ್ಮ ಕೆಲಸಕ್ಕೆ ಸೇರಿದ್ದರಿಂದ ಹುಡುಗಿಯನ್ನು ನೋಡಿಕೊಳ್ಳಲು ಊರಿನಿಂದ ಅಜ್ಜಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಕರೆಸಿದ್ದರು. ಶಾಲೆ ಶುರುವಾದ ಮೇಲೆ ಸಂಜೆ ಬಂದು ಅವಳನ್ನು ಕರೆದೊಯ್ಯಬೇಕಾದವಳು ಅಜ್ಜಿಯೇ. ಶಾಲೆ ಇರುವುದು ನಮ್ಮ ಹಿಂದಿನ ರಸ್ತೆಯಲ್ಲಿ. ನಮ್ಮ ಗೇಟು ಮುಟ್ಟಿದರೆ ಶಾಲೆ ಮುಟ್ಟಿದಂತೆಯೇ. ಅವರ ಮನೆಯಿಂದ ನಿಧಾನವಾಗಿ ನಡೆದರೂ ಕಾಲು ಗಂಟೆ ಹಿಡಿಯದ ದಾರಿ. ಮಗ ಜೊತೆಯಲ್ಲಿ ಬಂದು ಹಲವು ಸಲ ತೋರಿಸಿದ್ದ. ಆದರೆ ಅಜ್ಜಿಯನ್ನು ಒಬ್ಬಳನ್ನೇ ಬಿಟ್ಟ ದಿನ ಆಕೆ ಮಲ್ಲತ್ತಹಳ್ಳಿ ಕೆರೆಯ ಆ ಕಡೆ ಎಲ್ಲೋ ಹೋಗಿ ನಿಂತಿದ್ದಳು. ಕೈಯಲ್ಲಿ ಗುಂಡಿ ಒತ್ತುವ ಫೋನು ಇತ್ತು. ಮಗ ಫೋನು ಮಾಡಿ ಎಲ್ಲಿದ್ದೀ ಎಂದರೆ, "ಒಂದು ಗೇಟಿನ ಮುಂದ ಅದೀನಿ" ಎಂದಳಂತೆ. ನಮ್ಮ ಕಡೆ ಗೇಟಿಗೇನು ಬರವೇ? ಮಗ ಗಾಡಿ ಬಿಟ್ಟು ಬಂದು ಹುಡುಕಾಡಿದ. ಆ ದಿನದ ಬಾಡಿಗೆ ಕೈತಪ್ಪಿದ ಸಿಟ್ಟಿನಲ್ಲಿ ಒಂದೇ ಮಾತು ಹೇಳಿದ. ಸ್ಕೂಲು ಶುರುವಾಗುವುದರೊಳಗೆ ಅಜ್ಜಿಗೆ ದಾರಿ ಬಂದರೆ ಸರಿ, ಇಲ್ಲದಿದ್ದರೆ ಇಬ್ಬರನ್ನೂ ಊರಿಗೆ ಕಳಿಸುತ್ತೇನೆ, ಮಗು ಅಲ್ಲಿನ ಶಾಲೆಗೇ ಹೋಗಲಿ.

"ನಾ ಹೋಗಂಗಿಲ್ಲ ಮಿಸ್," ಎಂದಳು ಹುಡುಗಿ. "ಅವ್ವನ್ನ ಬಿಟ್ಟು ನಾ ಹೋಗಂಗಿಲ್ಲ." ಅಳಲಿಲ್ಲ. ಕೈಯಲ್ಲಿದ್ದ ರಬ್ಬರನ್ನು ಪುಡಿ ಪುಡಿ ಮಾಡಿದ್ದಳು.

ಆ ಅಪ್ಪನ ಮೇಲೆ ನನಗೆ ಮೈಯೆಲ್ಲ ಉರಿಯಿತು. ಮಗುವೇನು ಸಾಮಾನೇ, ಗಾಡಿಗೆ ಹಾಕಿ ಕಳಿಸಲು ಎಂದುಕೊಂಡೆ. ಆದರೆ ಇಬ್ಬರೂ ದುಡಿಯದಿದ್ದರೆ ಈ ಊರಿನಲ್ಲಿ ಅವರಂಥವರ ಸಂಸಾರ ನಡೆಯುವುದಿಲ್ಲವೆಂಬುದೂ ಗೊತ್ತಿತ್ತು. ಸೀಮೆಸುಣ್ಣದ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟೆ. "ಬಾ, ಯಾರು ಬೈತಾರೋ ನೋಡೇಬಿಡೋಣ" ಎಂದೆ.

ಅವಳ ಮನೆಯ ಬಾಗಿಲಿನಿಂದ ನಮ್ಮ ಗೇಟಿನವರೆಗೆ ಪ್ರತಿ ತಿರುವಿನಲ್ಲೂ ರಸ್ತೆಯ ಮೇಲೆ ದೊಡ್ಡ ದೊಡ್ಡ ಬಾಣ ಬರೆದೆವು. ಬೇಕರಿಯ ಮುಂದೊಂದು, ಟ್ರಾನ್ಸ್‌ಫಾರ್ಮರಿನ ಪಕ್ಕ ಒಂದು. ಯಾರೂ ಬೈಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಹಾಲು ತರಲು ಹೋದಾಗ ನೋಡುತ್ತೇನೆ, ಒಂದು ಬಾಣವೂ ಉಳಿದಿಲ್ಲ. ಹೆಂಗಸರೆಲ್ಲ ಎದ್ದು ಬಾಗಿಲ ಮುಂದೆ ನೀರು ಚಿಮುಕಿಸಿ, ಪೊರಕೆಯಲ್ಲಿ ಬಳಿದು, ರಂಗೋಲಿ ಹಾಕಿಬಿಟ್ಟಿದ್ದರು. ನಮ್ಮ ಗೇಟಿನ ಮುಂದಿನ ಬಾಣದ ಮೇಲೂ ರಂಗೋಲಿ ಬಿದ್ದಿತ್ತು. ಅದನ್ನು ಹಾಕಿದ್ದು ನಾನೇ, ಅರೆನಿದ್ದೆಯಲ್ಲಿ. ಯಜಮಾನರಿಗೆ ಇದು ಎರಡು ದಿನ ನಗುವುದಕ್ಕಾಯಿತು.

ನಕ್ಕು ಮುಗಿಸಿದ ಮೇಲೆ ಉಪಾಯ ಹೇಳಿದವರೂ ಅವರೇ. "ಫಂಕ್ಷನ್‌ಗೆ ಅಂಟಿಸ್ತಾರಲ್ಲ ಕಣೇ, ಹಾಗೆ ಕಂಬಕ್ಕೆ ಅಂಟ್ಸು." ನಿಜವೇ. ನಮ್ಮ ಬಡಾವಣೆಗಳಲ್ಲಿ ಗೃಹಪ್ರವೇಶವಿರಲಿ, ನಾಮಕರಣವಿರಲಿ, ತಿರುವು ತಿರುವಿನ ಕರೆಂಟು ಕಂಬಕ್ಕೆ ಬಾಣ ಬರೆದ ಹಾಳೆ ಅಂಟಿಸದೆ ನೆಂಟರು ಮನೆ ಸೇರುವುದಿಲ್ಲ. ಆ ಶನಿವಾರ ಕ್ಲಾಸಿನ ಮಕ್ಕಳೆಲ್ಲ ಕೂತು, ಕೆಂಪು ಬಣ್ಣದಲ್ಲಿ ಒಬ್ಬೊಬ್ಬರೂ ಒಂದೊಂದು ಬಾಣ ಬರೆದರು. ಎರಡು ಮೂತಿಯ ಹುಡುಗನ ಪಕ್ಕದಲ್ಲಿ ನಾನೇ ಕಾವಲು ಕೂತಿದ್ದೆ. ಮೈದಾ ಕುದಿಸಿ ಅಂಟು ಮಾಡಿ, ಸಂಜೆ ಹುಡುಗಿಯೂ ನಾನೂ ಹೋಗಿ ಅಂಟಿಸಿ ಬಂದೆವು. ಎದುರು ಮನೆಯಾಕೆ ಗೇಟಿನಲ್ಲೇ ಹಿಡಿದು, "ಏನ್ ಮಿಸ್, ಮೊಮ್ಮಗೂಗೆ ನಾಮಕರಣಾನಾ? ನಮಗೆ ಹೇಳಲೇ ಇಲ್ವಲ್ಲ" ಎಂದು ಮುನಿಸಿಕೊಂಡಳು. ಅವಳನ್ನು ಸಮಾಧಾನಪಡಿಸಲು ಕಾಫಿ ಕೊಡಬೇಕಾಯಿತು.

ಮಾರನೇ ದಿನ ಕ್ಲಾಸು ಮುಗಿಯುವ ಹೊತ್ತಿಗೆ ಅಜ್ಜಿ ಒಬ್ಬಳೇ ಬರಬೇಕೆಂದು ಮಾತಾಗಿತ್ತು. ಕಂಬದ ಮೇಲೆ ಗುರುತು ಹಾಕಿದ್ದೇವೆ, ಅದು ಹೇಳಿದ ಕಡೆ ಬಾ ಎಂದು ಹುಡುಗಿ ಹೇಳಿ ಬಂದಿದ್ದಳು. ಕ್ಲಾಸು ಮುಗಿಯಿತು. ಮಕ್ಕಳು ಹೋದರು. ಹುಡುಗಿ ಗೇಟು ಹಿಡಿದು ನಿಂತಳು. ನಾನು ಚಾಪೆ ಸುತ್ತಿದೆ, ಬಣ್ಣದ ಬಟ್ಟಲು ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅಜ್ಜಿಯ ಸುಳಿವಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ ಯಜಮಾನರು ಸ್ಕೂಟರ್ ತೆಗೆದರು. ಹುಡುಗಿಯನ್ನು ಕೂರಿಸಿಕೊಂಡು ಕೆರೆಯ ಸುತ್ತೆಲ್ಲ ಹುಡುಕಿ, ಸೋತು ಅವಳ ಮನೆಗೇ ಹೋದರೆ, ಅಜ್ಜಿ ಕಟ್ಟಡದ ಮೆಟ್ಟಿಲ ಮೇಲೆ ಆರಾಮಾಗಿ ಕೂತಿದ್ದಳು.

"ಎಲ್ಲಾ ಮನಿ ಕಡೆನ ತೋರಸಾಕತ್ತಿದ್ವು. ನೀನ ಮನಿಗೆ ಬರ್ತಿ ಅಂತ ಹೊಳ್ಳಿ ಬಂದು ಕುಂತೆ," ಎಂದಳಂತೆ.

ಸಂಜೆ ಅಪ್ಪನಿಗೆ ವಿಷಯ ಗೊತ್ತಾಯಿತು. ಅವನು ಕೂಗಾಡಲಿಲ್ಲ. ಶಾಲೆ ತೆರೆಯುವ ಹಿಂದಿನ ದಿನಕ್ಕೆ ಊರಿನ ಬಸ್ಸಿಗೆ ಎರಡು ಸೀಟು ಹೇಳಿ ಬಂದ.

ಇದು ನನಗೆ ಸೋಲೆನಿಸಿತು. ಇಷ್ಟು ವರ್ಷ ಕಲಿಸಿದವಳು ನಾನು, ನನ್ನ ಬಾಣ ಅದು ಹೇಗೆ ಮನೆಯ ಕಡೆ ತೋರಿಸೀತು? ಹಾಳೆಗಳನ್ನು ಯಾರಾದರೂ ತಿರುಗಿಸಿರಬೇಕೆಂದು ಬಿಸಿಲಿನಲ್ಲಿ ಹೋಗಿ ಒಂದೊಂದೇ ಕಂಬ ನೋಡಿ ಬಂದೆ. ಎಲ್ಲ ಸರಿಯಾಗಿಯೇ ಇದ್ದವು. ಅಜ್ಜಿಯನ್ನು ಕರೆದುಕೊಂಡು ಬಾ ಎಂದು ಹುಡುಗಿಗೆ ಹೇಳಿ ಕಳಿಸಿದೆ.

ಅಜ್ಜಿ ಬಂದಳು. ಸಣ್ಣ ಮೈಯ, ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದ ಹೆಂಗಸು. ಚಾಪೆಯ ಮೇಲೆ ಕೂತು ನನ್ನ ಮುಖವನ್ನೇ ನೋಡಿದಳು. ನಾನು ಹಾಳೆಯ ಮೇಲೊಂದು ಬಾಣ ಬರೆದು ಮುಂದಿಟ್ಟೆ. "ಇದು ಯಾವ ಕಡೆ ಹೋಗು ಅನ್ನುತ್ತೆ ಹೇಳಿ" ಎಂದೆ. ಆಕೆ ಒಂದಿಷ್ಟೂ ಅನುಮಾನವಿಲ್ಲದೆ ಬಾಣದ ಬಾಲದ ಕಡೆ ಕೈ ತೋರಿಸಿದಳು.

"ಅದು ಹೇಗೆ?"

"ಕೋಳಿ ಹೆಜ್ಜಿ ನೋಡಿಲ್ಲೇನ್ರಿ ಅಕ್ಕೋರ?" ಎಂದಳು. ಅವರ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಬಣ್ಣದ ನೀರಿನಲ್ಲಿ ಬೆರಳು ಅದ್ದಿ ಸಿಮೆಂಟಿನ ನೆಲದ ಮೇಲೆ ಬರೆದಳು. ಒಂದು ಚುಕ್ಕೆ. ಅದು ಹಿಮ್ಮಡಿ. ಅಲ್ಲಿಂದ ಮುಂದಕ್ಕೆ ಮೂರು ಗೆರೆ. ಅವು ಬೆರಳು. ಕೋಳಿ ಹೊರಟಿರುವುದು ಬೆರಳು ಹರಡಿಕೊಂಡ ಕಡೆಗೆ. ಆಮೇಲೆ ನನ್ನ ಬಾಣದ ಮೂತಿಯ ಮೇಲೆ ಬೆರಳಿಟ್ಟಳು. ಮೂರು ಗೆರೆ ಕೂಡುವ ಜಾಗ ಅದು. "ಇದು ಹಿಮ್ಮಡ. ಇವು ಬೆರಳ. ಕೋಳಿ ಈ ಕಡೆ ಹೊಂಟೈತಿ."

ನಾನು ಹಾಳೆಯನ್ನು ನೋಡಿದೆ, ನೆಲವನ್ನು ನೋಡಿದೆ. ಆಕೆ ಹೇಳಿದಂತೆಯೇ ಇತ್ತು. ಕ್ಯಾಲೆಂಡರಿನಲ್ಲಿ ದೇವರ ಕೈಯ ಬಾಣ ನೋಡಿಲ್ಲವೇ ಎಂದು ಕೇಳಿದೆ. "ಅದರ ತುದಿಗೆ ಎಲಿ ಹಂಗ ಇರ್ತೈತ್ರಿ. ಇದಕ್ಕ ಬೆರಳ ಅದಾವ," ಎಂದಳು. ಒಳಗಿನಿಂದ ಯಜಮಾನರು ನಗುವುದು ಕೇಳಿಸಿತು.

ಊರಿನಲ್ಲಿ ಆಕೆಗೆ ಕೋಳಿಗಳಿದ್ದವು. ಸಂಜೆ ಗೂಡಿಗೆ ಬರದ ಕೋಳಿಯನ್ನು ಹುಡುಕುವುದೆಂದರೆ ಬೂದಿಯಲ್ಲೋ ಕೆಸರಿನಲ್ಲೋ ಮೂಡಿದ ಹೆಜ್ಜೆ ಹಿಡಿದು ಹೋಗುವುದು. ಮದುವೆಯಾಗಿ ಬಂದಾಗಿನಿಂದ ಮಾಡಿದ ಕೆಲಸ ಅದು. ಈಗ ಅವನ್ನು ಪಕ್ಕದ ಮನೆಯವಳ ಸುಪರ್ದಿಗೆ ಬಿಟ್ಟು ಬಂದು, ಆಗಾಗ ಫೋನಿನಲ್ಲಿ ಅವುಗಳ ಸುದ್ದಿ ಕೇಳುತ್ತಿದ್ದಳು. "ನಾ ಬರೂತನಕ ನೋಡ್ಕೋತೀನಿ ಅಂದಾಳ್ರಿ" ಎಂದಳು. ಕೋಳಿಗಳ ಮಾತು ಬಂದಾಗ ಮಾತ್ರ ಆಕೆಯ ಮುಖ ಅರಳುತ್ತಿತ್ತು.

ಆದರೂ ನನ್ನ ಹಟ ಬಿಡಲಿಲ್ಲ. ಊರೆಲ್ಲ ಒಪ್ಪಿಕೊಂಡ ಗುರುತನ್ನು ಈಕೆಯೂ ಒಪ್ಪಲಿ ಎಂದು ಅಜ್ಜಿಗೇ ಪಾಠ ಶುರುಮಾಡಿದೆ. ಹಾಳೆ ಕೊಟ್ಟೆ, ಪೆನ್ಸಿಲ್ ಕೊಟ್ಟೆ. ಆಕೆ ಪಾಪ, ಹೇಳಿದಂತೆ ಬರೆದಳು. ಮೊಮ್ಮಗಳ ಗೆರೆ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. ಆದರೆ ಬರೆದು ಮುಗಿಸಿದ ಮೇಲೆ ಪ್ರತಿ ಸಲವೂ, "ಆದ್ರೂ ಇದು ಹೊಳ್ಳಿ ಹೊಂಟೈತ್ರಿ ಅಕ್ಕೋರ" ಎನ್ನುವಳು. ಹುಡುಗಿ ಪಕ್ಕದಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು.

"ಹಾಳೇನ ತಿರುಗಿಸಿ ಅಂಟಿಸಿದ್ರೆ ಆಗಲ್ವೇನೇ?" ಎಂದರು ಯಜಮಾನರು. ಆಗುತ್ತಿತ್ತು. ಆದರೆ ಉಲ್ಟಾ ಬಾಣ ಅಂಟಿಸಲು ನನ್ನ ಕೈ ಬರಲಿಲ್ಲ. ಅದನ್ನು ನೋಡಿ ಬೇರೆ ಯಾರಾದರೂ ದಾರಿ ತಪ್ಪಿದರೆ? ಕೊನೆಗೆ ಹುಡುಗಿಯೇ ಬೇಸತ್ತು, "ಮಿಸ್, ಅಜ್ಜಿಗೆ ಬಾಣ ಬ್ಯಾಡ್ರಿ. ಕೋಳಿ ಹೆಜ್ಜಿನ ಬರಿಯೋಣ" ಎಂದಳು. ದಾರಿ ಬೇಕಿದ್ದದ್ದು ಅಜ್ಜಿಗೆ; ನಾನೋ, ನನ್ನ ಬಾಣವೇ ಗೆಲ್ಲಬೇಕೆಂಬಂತೆ ನಡೆದುಕೊಂಡಿದ್ದೆ. ಆ ಮಗುವಿನ ಮುಂದೆ ನಾಚಿಕೆಯಾಯಿತು.

ಆ ಭಾನುವಾರ ಮಕ್ಕಳೆಲ್ಲ ಕೋಳಿ ಹೆಜ್ಜೆ ಬರೆದರು. ಬಾಣದ ಪಾಠದಲ್ಲಿ ಆಕಳಿಸುತ್ತಿದ್ದವರು ಅವತ್ತು ಹಾಳೆಗಾಗಿ ಕಿತ್ತಾಡಿದರು. ಅಜ್ಜಿ ನಡುವೆ ಕೂತು, ಹಿಮ್ಮಡಿಯ ಹಿಂದಿನ ಸಣ್ಣ ಬೆರಳು ಮರೆತವರಿಗೆ ನೆನಪು ಮಾಡಿದಳು. ಆ ಬೆರಳಿದ್ದರೆ ಅದನ್ನು ಯಾರೂ ಉಲ್ಟಾ ಬಾಣವೆಂದು ತಿಳಿಯುವಂತಿರಲಿಲ್ಲ. ಹಳೆಯ ಹಾಳೆ ಕಿತ್ತು ಹೊಸದನ್ನು ಅಂಟಿಸಿದೆವು. ಎದುರು ಮನೆಯಾಕೆ ಈ ಸಲ ಏನೂ ಕೇಳಲಿಲ್ಲ. ನನಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ಬಸ್ಸು ಅವತ್ತೇ ರಾತ್ರಿಗಿತ್ತು. ಅಪ್ಪನನ್ನು ಮನೆಗೆ ಕರೆಸಿ, "ಇನ್ನೊಂದೇ ಒಂದು ಸಲ ನೋಡಪ್ಪ, ಆಮೇಲೆ ನಿನ್ನಿಷ್ಟ" ಎಂದೆ. ಅವನು ಒಪ್ಪಿಕೊಂಡದ್ದು ನನ್ನ ಬಿಳಿ ಕೂದಲಿಗೆ. ಮಧ್ಯಾಹ್ನ ಅಜ್ಜಿ ಮನೆಯಿಂದ ಒಬ್ಬಳೇ ಹೊರಡುವುದು, ಅವನು ದೂರದಲ್ಲಿ ಹಿಂಬಾಲಿಸುವುದು, ಆದರೆ ಕರೆಯಕೂಡದು ಎಂದು ಮಾತಾಯಿತು. ಹುಡುಗಿಯ ಬಟ್ಟೆಯ ಚೀಲ ಆಗಲೇ ಗಾಡಿಯಲ್ಲಿತ್ತು. ಅವಳೂ ಅವಳ ಅಮ್ಮನೂ ನಮ್ಮ ಗೇಟಿನ ಹತ್ತಿರ ಕಾದು ನಿಂತರು. ಅಮ್ಮ ಮಗಳ ಜಡೆಯನ್ನು ಬಿಚ್ಚಿ ಹೆಣೆಯುತ್ತಿದ್ದಳು, ಹೆಣೆದದ್ದನ್ನು ಮತ್ತೆ ಬಿಚ್ಚುತ್ತಿದ್ದಳು. ನಾನು ದೇವರಿಗೆ ಕೈಮುಗಿಯುವುದು ಅಪರೂಪ. ಅವತ್ತು ಒಳಗೆ ಹೋಗಿ ಮುಗಿದು ಬಂದೆ.

ಅಜ್ಜಿ ತಿರುವಿನಲ್ಲಿ ಕಾಣಿಸಿಕೊಂಡಳು. ಕೊನೆಯ ಕಂಬದ ಮುಂದೆ ನಿಂತು ಹಾಳೆಯನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ನಮ್ಮ ರಸ್ತೆಗೆ ತಿರುಗಿ ನೆಟ್ಟಗೆ ಗೇಟಿನವರೆಗೆ ನಡೆದು ಬಂದಳು. ಹುಡುಗಿ ಓಡಿಹೋಗಿ ಆಕೆಯ ಸೊಂಟ ತಬ್ಬಿಕೊಂಡು, "ಬಂದ್ಯಲ್ಲ ಅಜ್ಜಿ, ಬಂದ್ಯಲ್ಲ" ಎಂದು ಒಂದೇ ಸಮನೆ ಕೂಗಿದಳು. ಅಮ್ಮ ಮುಖಕ್ಕೆ ಸೆರಗು ಒತ್ತಿಕೊಂಡಳು. ಹಿಂದಿನಿಂದ ಬಂದ ಮಗ ಮುಖದ ಬೆವರು ಒರೆಸಿಕೊಂಡ. "ಎಲ್ಲೂ ತಪ್ಪಲಿಲ್ರಿ ಮಿಸ್," ಎಂದ ಆಮೇಲೆ. "ಆತು ಬಿಡ್ರಿ. ಇಬ್ಬರೂ ಇಲ್ಲೇ ಇರ್ಲಿ." ನಾನು ಖುಷಿಯಲ್ಲಿ ಯಜಮಾನರ ಬೆನ್ನಿಗೊಂದು ಗುದ್ದಿದೆ.

ಅಜ್ಜಿ ಮಾತ್ರ ನಗಲಿಲ್ಲ. ಮೊಮ್ಮಗಳ ತಲೆ ಸವರುತ್ತ ಮಗನ ಕಡೆ ತಿರುಗಿದಳು.

"ಹಂಗಾದ್ರ ಬಾಜೂ ಮನಿಯಾಕಿಗೆ ಫೋನ್ ಹಚ್ಚಪಾ. ಕೋಳಿ ಆಕಿನ ಇಟ್ಕೊಳ್ಳಲಿ, ನಾ ಇನ್ನ ಬರಂಗಿಲ್ಲ ಅಂತ ಹೇಳು."

ಮಗ ಫೋನು ತೆಗೆದ. ಅಷ್ಟು ದಿನ ಆ ಹುಡುಗಿ ಇಲ್ಲೇ ಉಳಿಯಬೇಕೆಂದು ಒದ್ದಾಡಿದ ನಮಗೆ ಯಾರಿಗೂ ಅಜ್ಜಿಗೇನು ಬೇಕೆಂದು ಕೇಳಬೇಕು ಅನ್ನಿಸಿರಲಿಲ್ಲ. ಎಲ್ಲೋ ಒಂದು ಕಂಬದ ಹತ್ತಿರ ಬೇಕೆಂದೇ ಬೇರೆ ಕಡೆ ತಿರುಗಿದ್ದರೆ ಸಾಕಿತ್ತು, ರಾತ್ರಿ ಬಸ್ಸಿನಲ್ಲಿ ಮೊಮ್ಮಗಳ ಜೊತೆ ತನ್ನ ಮನೆಗೆ ಹೊರಟುಬಿಡುತ್ತಿದ್ದಳು. ಅದು ಆಕೆಗೆ ಗೊತ್ತಿತ್ತು.

ಆ ಕಡೆ ಫೋನು ಎತ್ತಿದರು. ಮಗ ಮಾತು ಶುರುಮಾಡುವ ಮೊದಲೇ ಅಜ್ಜಿ ಅವನ ತೋಳು ಹಿಡಿದಳು. "ಕೆಂಪಂದು ತತ್ತಿ ಮ್ಯಾಲೆ ಕಾವಿಗೆ ಕುಂತೈತಿ," ಎಂದಳು. "ಮರಿ ಒಡಿಯೂತನಕ ಅದನ್ನ ಎಬ್ಬಸಬ್ಯಾಡ ಅಂತ ಹೇಳು."